ಊಟ ಕೊಡುವ ಕೈಗಳೇ, ಸಂಬಳಕ್ಕೂ ಬನ್ನಿ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಿರಿಯರಿಗೆ, ಅವರ ಮಕ್ಕಳಿಗೆ, ಸೊಸೆ ಅಳಿಯಂದಿರಿಗೆ, ಅಪ್ಪ ಅಮ್ಮನ ಹೆಸರಿನಲ್ಲಿ ವರ್ಷಕ್ಕೊಮ್ಮೆ ಯಾವುದಾದರೂ ವಿಶೇಷ ಶಾಲೆಗೋ ಆಶ್ರಮಕ್ಕೋ ಒಂದು ಹೊತ್ತಿನ ಊಟ ಕೊಡುವ ಎಲ್ಲ ಮನೆಯವರಿಗೆ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಹಲವರ ಮುಖ ಪರಿಚಯ ನನಗಿದೆ. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ನಮ್ಮ ಬಡಾವಣೆಯ ಒಂದು ಸಣ್ಣ ಸಂಸ್ಥೆಯಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದಿದ್ದೇನೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಮಕ್ಕಳು ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ಕೇಂದ್ರ ಅದು. ಅದರ ಹೆಸರು ಇಲ್ಲಿ ಹೇಳುವುದಿಲ್ಲ. ನಮ್ಮ ಮೂರೂ ಬಡಾವಣೆಗಳ ಅಡ್ಡರಸ್ತೆಗಳಲ್ಲಿ, ಹಳೆಯ ಮನೆಗಳ ನೆಲಮಹಡಿಯಲ್ಲಿ, ಸದ್ದಿಲ್ಲದೆ ನಡೆಯುವ ಇಂಥ ಎಲ್ಲ ಸಂಸ್ಥೆಗಳ ಪರವಾಗಿ ಈ ಪತ್ರ.

ನಮ್ಮ ಆಫೀಸಿನ ಗೋಡೆಯ ಮೇಲೆ ಒಂದು ದೊಡ್ಡ ಕ್ಯಾಲೆಂಡರ್ ಇದೆ. ಒಂದೊಂದು ದಿನದ ಚೌಕದಲ್ಲಿ ಒಂದೊಂದು ಮನೆಯ ಹೆಸರು. ತಾಯಿಯವರ ವೈದಿಕ, ಮೊಮ್ಮಗನ ಮೊದಲ ಹುಟ್ಟುಹಬ್ಬ, ಯಜಮಾನರ ಷಷ್ಟಿಪೂರ್ತಿ, ಮಗಳಿಗೆ ಮೆಡಿಕಲ್ ಸೀಟು ಸಿಕ್ಕಿದ ಸಂತೋಷ. ಮಹಾಲಯ ಪಕ್ಷ ಬಂತೆಂದರೆ ಒಂದೇ ದಿನಕ್ಕೆ ಎರಡು ಮೂರು ಮನೆಯವರು ಫೋನ್ ಮಾಡುತ್ತಾರೆ. ‘ಹೇಗಾದರೂ ಹೊಂದಿಸಿಕೊಡಿ ಮೇಡಂ, ತಿಥಿಯನ್ನು ಬೇರೆ ದಿನಕ್ಕೆ ಹಾಕೋಕಾಗಲ್ಲವಲ್ಲ’ ಎನ್ನುತ್ತಾರೆ. ಹೊಂದಿಸುತ್ತೇವೆ. ಬೆಳಗಿನ ತಿಂಡಿ ಒಬ್ಬರದು, ಮಧ್ಯಾಹ್ನದ ಊಟ ಇನ್ನೊಬ್ಬರದು, ಸಂಜೆಯ ಹಣ್ಣು ಹಾಲು ಮತ್ತೊಬ್ಬರದು. ಎಲೆ ತುಂಬ ಬಡಿಸಿ, ಮಕ್ಕಳ ತಲೆ ಸವರಿ, ಕಣ್ಣು ಒದ್ದೆ ಮಾಡಿಕೊಂಡು ನೀವು ಹೊರಡುವುದನ್ನು ನೋಡಿದ್ದೇನೆ. ಆ ಪ್ರೀತಿಯಲ್ಲಿ ಒಂದು ಕಾಳಿನಷ್ಟೂ ಸುಳ್ಳಿಲ್ಲ.

ಅದೇ ಆಫೀಸಿನ ಬೀರುವಿನಲ್ಲಿ ಸಂಬಳದ ಪುಸ್ತಕವೂ ಇದೆ. ಅದರಲ್ಲಿ ಯಾವ ಮನೆಯ ಹೆಸರೂ ಇಲ್ಲ. ಊಟದ ಕ್ಯಾಲೆಂಡರ್ ಭರ್ತಿಯಾದ ತಿಂಗಳುಗಳಲ್ಲೇ ಶಿಕ್ಷಕಿಯರಿಗೆ ಅರ್ಧ ಸಂಬಳ ಕೊಟ್ಟು, ಉಳಿದದ್ದನ್ನು ಮುಂದಿನ ತಿಂಗಳಿಗೆ ಹೇಳಿದ್ದಿದೆ. ಫಿಸಿಯೋಥೆರಪಿಸ್ಟ್ ವಾರವಿಡೀ ಬರುತ್ತಿದ್ದವರು ಈಗ ಎರಡೇ ದಿನ ಬರುತ್ತಾರೆ. ಮಾತು ಕಲಿಸುವ ಸ್ಪೀಚ್ ಥೆರಪಿಸ್ಟ್ ಹೋದ ಮೇಲೆ ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲು ಆಗಿಲ್ಲ.

ಊಟಕ್ಕೂ ಸಂಬಳಕ್ಕೂ ಏನು ನಂಟು ಎಂದು ನಿಮಗೆ ಅನ್ನಿಸಬಹುದು. ನಮ್ಮಲ್ಲಿಗೆ ಬರುವ ಒಂದು ಹುಡುಗಿಯ ಊಟವನ್ನು ನೋಡಿದರೆ ತಿಳಿಯುತ್ತದೆ. ಅವಳಿಗೆ ಎಂಟು ವರ್ಷ. ಸೆರೆಬ್ರಲ್ ಪಾಲ್ಸಿಯಿಂದ ಕೈ ಕಾಲು ಬಿಗಿದುಕೊಂಡಿವೆ. ಅವಳನ್ನು ಸುಮ್ಮನೆ ಕೂರಿಸಿ ತಟ್ಟೆ ಮುಂದಿಟ್ಟರೆ ಆಗದು. ಮೊದಲು ಅವಳ ಅಳತೆಗೆ ಮಾಡಿಸಿದ ಮರದ ಕುರ್ಚಿಯಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿ, ಪಾದ ಎರಡೂ ಹಲಗೆಯ ಮೇಲೆ ಊರುವ ಹಾಗೆ ಕೂರಿಸಬೇಕು. ಪಾದಕ್ಕೆ ಆಧಾರ ಸಿಗದಿದ್ದರೆ ಬೆನ್ನು ನಿಲ್ಲುವುದಿಲ್ಲ, ಬೆನ್ನು ನಿಲ್ಲದಿದ್ದರೆ ಕತ್ತು ನಿಲ್ಲುವುದಿಲ್ಲ, ಕತ್ತು ಹಿಂದಕ್ಕೆ ವಾಲಿದರೆ ತುತ್ತು ಶ್ವಾಸನಾಳಕ್ಕೆ ಹೋಗುತ್ತದೆ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಬೇಕು, ಹಿಡಿಯನ್ನು ಸ್ವಲ್ಪ ಬಗ್ಗಿಸಬೇಕು. ಅನ್ನ ಸಾರನ್ನು ಗಟ್ಟಿಯಾಗಿ ಕಲೆಸಬೇಕು. ತೆಳ್ಳಗಾದರೆ ಬಾಯಿಗೆ ಮುಟ್ಟುವ ಮೊದಲೇ ಸೋರಿ ಹೋಗುತ್ತದೆ. ಅವಳ ಮಿಸ್ ಎದುರಿಗೆ ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತಾರೆ. ಒಂದು ಕೈ ಮಗುವಿನ ಮೊಣಕೈ ಕೆಳಗೆ, ಇನ್ನೊಂದು ಕೈ ಗಲ್ಲದ ಕೆಳಗೆ. ಮೊದಮೊದಲು ಇಡೀ ಕೈಯನ್ನು ಹಿಡಿದು ನಡೆಸುತ್ತಿದ್ದರು. ಆಮೇಲೆ ಮಣಿಕಟ್ಟು ಮಾತ್ರ ಹಿಡಿದರು, ಆಮೇಲೆ ಮೊಣಕೈ. ತಿಂಗಳುಗಟ್ಟಲೆ ಹೀಗೆ ನಡೆದ ಮೇಲೆ ಒಂದು ದಿನ ಮಿಸ್ ಕೈ ಬಿಟ್ಟರು. ಚಮಚ ನಡುಗಿತು, ಅರ್ಧ ಚೆಲ್ಲಿತು, ಉಳಿದರ್ಧ ಬಾಯಿಗೆ ಹೋಯಿತು. ಅಡುಗೆಯವರು ಸೌಟು ಕೆಳಗಿಟ್ಟು ಚಪ್ಪಾಳೆ ಹೊಡೆದರು.

ಆ ಮಿಸ್ ಈಗ ನಮ್ಮಲ್ಲಿಲ್ಲ. ಒಂದು ದೊಡ್ಡ ಖಾಸಗಿ ಶಾಲೆಯಲ್ಲಿ, ಇಂಥದೇ ಒಂದು ಮಗುವಿನ ಪಕ್ಕ ಕೂರುವ ಕೆಲಸಕ್ಕೆ, ನಾವು ಕೊಡುವುದರ ಮೂರು ಪಟ್ಟು ಸಂಬಳ ಸಿಕ್ಕಿತು. ಬಾಡಿಗೆ ಮನೆ, ವಯಸ್ಸಾದ ಅತ್ತೆ, ಹೈಸ್ಕೂಲಿಗೆ ಬಂದ ಮಗ. ಹೋಗಬೇಡಿ ಎಂದು ಹೇಳುವ ಹಕ್ಕು ನಮಗೆಲ್ಲಿತ್ತು? ಹೊಸಬರು ಬರುವವರೆಗೆ ಆ ಹುಡುಗಿಗೆ ಆಯಾ ತಿನ್ನಿಸಿದರು. ತಿನ್ನಿಸುವುದು ಬೇಗ ಮುಗಿಯುತ್ತದೆ, ಚೆಲ್ಲುವುದಿಲ್ಲ. ಆದರೆ ಕೈಗೆ ರೂಢಿ ತಪ್ಪಿತು. ಹೊಸ ಮಿಸ್ ಮತ್ತೆ ಮಣಿಕಟ್ಟಿನಿಂದ ಶುರು ಮಾಡಿದ್ದಾರೆ. ಊಟ ತಟ್ಟೆಯವರೆಗೆ ಬರುವುದು ನಿಮ್ಮಿಂದ. ತಟ್ಟೆಯಿಂದ ಆ ಮಗುವಿನ ಬಾಯಿಗೆ ಹೋಗುವುದು ಈ ಹೆಂಗಸರಿಂದ. ನಿಮ್ಮ ತಾಯಿಯವರ ಹೆಸರಿನಲ್ಲಿ ಕೊಟ್ಟ ಅನ್ನ ನಿಜಕ್ಕೂ ಮಗುವಿಗೆ ಸೇರಬೇಕಾದರೆ ಈ ಎರಡನೆಯ ದಾರಿಯನ್ನೂ ಯಾರಾದರೂ ನಡೆಸಿಕೊಡಬೇಕು.

ಈ ಕೆಲಸವನ್ನು ಯಾರು ಬೇಕಾದರೂ ಮಾಡುವ ಹಾಗೂ ಇಲ್ಲ. ವಿಶೇಷ ಶಿಕ್ಷಕರು ತರಬೇತಿ ಮುಗಿಸಿ, 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡಿರಬೇಕು. ಓದಿ, ತರಬೇತಿ ಪಡೆದು, ನೋಂದಣಿ ಮಾಡಿಸಿಕೊಂಡು ಬಂದವರಿಗೆ ನಮ್ಮಂಥ ಸಣ್ಣ ಕಡೆ ಸಿಗುವ ಸಂಬಳ ನಿಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರ ಸಂಬಳಕ್ಕಿಂತ ಬಹಳ ಹೆಚ್ಚಿನದಲ್ಲ. ಸೆಕ್ಯೂರಿಟಿಯವರಿಗೆ ಹೆಚ್ಚಾಯಿತು ಎಂದಲ್ಲ, ಇವರಿಗೆ ತೀರಾ ಕಡಿಮೆಯಾಯಿತು.

ದಾನಿಗಳೊಡನೆ ಮಾತಾಡುವಾಗ ಮತ್ತೆ ಮತ್ತೆ ಕೇಳಿಬರುವ ಮಾತೊಂದಿದೆ. ‘ನಮ್ಮ ದುಡ್ಡು ಮಕ್ಕಳಿಗೇ ಹೋಗಬೇಕು, ಸಂಬಳಕ್ಕೆ, ಬಾಡಿಗೆಗೆ ಹೋಗಬಾರದು.’ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಬಲಗಾಲಿಗೆ ಸ್ಪ್ಲಿಂಟ್ ಹಾಕಿದ ಹುಡುಗನನ್ನು ಕಂಬಿ ಹಿಡಿಸಿ ನಿಲ್ಲಿಸುವವರ ಸಂಬಳ ಆ ಹುಡುಗನಿಗೆ ಹೋದದ್ದಲ್ಲದೆ ಇನ್ನೇನು? ಮಗು ಬೆಳೆದ ಹಾಗೆ ಸ್ಪ್ಲಿಂಟ್ ಬಿಗಿಯಾಗುತ್ತದೆ, ಬದಲಿಸಬೇಕು. ಫಿಟ್ಸ್ ಮಾತ್ರೆ ಒಂದು ದಿನ ತಪ್ಪಿದರೂ ಅಪಾಯ. ಇವು ಯಾವುವೂ ಹುಟ್ಟುಹಬ್ಬದ ತಾರೀಖು ನೋಡಿ ಬರುವ ಖರ್ಚುಗಳಲ್ಲ.

ತಿಂಗಳಿಗೊಮ್ಮೆ ಕೊಡುವುದು, ವಾರಕ್ಕೊಮ್ಮೆ ಕೊಡುವುದು ನಮ್ಮ ಬಡಾವಣೆಗಳಿಗೆ ಹೊಸದೇನಲ್ಲ. ವಾರಾನ್ನದ ಕಾಲವನ್ನು ನಿಮ್ಮ ಮನೆಯ ಹಿರಿಯರು ಹೇಳಿರುತ್ತಾರೆ. ಹಳ್ಳಿಯಿಂದ ಓದಲು ಬಂದ ಬಡ ಹುಡುಗನಿಗೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಆ ಮನೆಯಲ್ಲಿ ಅಂದು ಹಬ್ಬವಿರಲಿ ಬಿಡಲಿ, ನೆಂಟರಿರಲಿ ಬಿಡಲಿ, ಹುಡುಗನ ಎಲೆ ಬೀಳಬೇಕು. ಮನೆಯಾಕೆ ಮಾಡಿದ್ದು ಬರೀ ಹುಳಿ ಅನ್ನವೇ ಆದರೂ ಸರಿ. ಅವನಿಗೆ ಬೇಕಾಗಿದ್ದದ್ದು ಮುಂದಿನ ಸೋಮವಾರವೂ ಈ ಬಾಗಿಲು ತೆರೆದಿರುತ್ತದೆ ಎಂಬ ಭರವಸೆ. ಆ ಭರವಸೆಯ ಮೇಲೆ ಎಷ್ಟೋ ಜನ ವಕೀಲರಾದರು, ಎಂಜಿನಿಯರಾದರು, ಮೇಷ್ಟ್ರಾದರು. ಇವತ್ತು ನಮ್ಮ ನಡುವೆ ಇರುವ ಎಷ್ಟೋ ಮನೆಗಳ ಅಡಿಪಾಯದಲ್ಲಿ ಯಾರೋ ಹಾಕಿದ ವಾರಾನ್ನವಿದೆ.

ಆ ಪದ್ಧತಿಗೆ ಜಾತಿಯ ಬೇಲಿ ಇತ್ತು ಎಂಬುದನ್ನೂ ಹೇಳಿಬಿಡಬೇಕು. ಎಲ್ಲ ಹುಡುಗರಿಗೂ ಎಲ್ಲ ಮನೆಯ ಬಾಗಿಲು ತೆರೆಯುತ್ತಿರಲಿಲ್ಲ. ಉಣ್ಣುವ ಹುಡುಗ ಎಷ್ಟೋ ಕಡೆ ಕುಗ್ಗಿಕೊಂಡೇ ಕೂರಬೇಕಾಗಿತ್ತು. ಯಾರಿಗೆ ಬಾಗಿಲು ತೆರೆಯಲಿಲ್ಲವೋ ಅವರು ತಮ್ಮ ತಮ್ಮ ಹಾಸ್ಟೆಲುಗಳನ್ನು ಕಟ್ಟಿಕೊಂಡರು. ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ಬಂತು, ವಿದ್ಯಾರ್ಥಿಗಳಿಗೆ ಆಶ್ರಯವಾಯಿತು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘ ಹಳ್ಳಿಯ ಹುಡುಗರ ಓದಿಗೆ ನೆಲೆ ಕಟ್ಟಿತು. ಬೇಲಿ ಬೇಡ, ವಾರ ತಪ್ಪದ ಆ ನಿಯಮ ಮಾತ್ರ ನಮಗೆ ಬೇಕು.

ಈ ಬಡಾವಣೆಗಳು ಹುಟ್ಟಿದ ಕಾರಣವನ್ನೂ ನೆನೆಯೋಣ. ಚಾಮರಾಜಪೇಟೆ 1892ರದು. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಜನ ಸಾಯತೊಡಗಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳಿಗೆ ಜನ ಬಂದು ನೆಲೆಸಿದರು. ಅಗಲವಾದ ರಸ್ತೆ, ಗಾಳಿ ಬೆಳಕು, ಮನೆಗಳ ಹಿಂದೆ ಕಸ ಸಾಗಿಸುವ ಓಣಿ, ಇವೆಲ್ಲ ರೋಗದ ಭಯದಿಂದ ಕಲಿತ ಪಾಠ. ಬಂದು ನೆಲೆಸಿದವರು ತಮ್ಮ ಮನೆಯ ಗಾಳಿ ಬೆಳಕನ್ನಷ್ಟೇ ನೋಡಿಕೊಂಡು ಸುಮ್ಮನಾಗಲಿಲ್ಲ. ಕಳೆದ ಶತಮಾನದ ಮೊದಲ ದಶಕದಲ್ಲೇ ದಿಕ್ಕಿಲ್ಲದ ಹೆಣ್ಣುಮಕ್ಕಳಿಗಾಗಿ ಬಸವನಗುಡಿಯಲ್ಲಿ ಅಬಲಾಶ್ರಮ ಎದ್ದಿತು. 1913ರಲ್ಲಿ ಮಹಿಳಾ ಸೇವಾ ಸಮಾಜ ಬಂತು. ‘ಸರಸ್ವತಿ’ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದ ಆರ್. ಕಲ್ಯಾಣಮ್ಮನವರು 1938ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದರು. ಇಂದಿಗೂ ಆ ಭಾಗವನ್ನು ಜನ ಗುರುತಿಸುವುದು ಅದರ ಹೆಸರಿನಿಂದಲೇ. ಶಂಕರಪುರದಲ್ಲಿ ಶೃಂಗೇರಿ ಮಠದ ಆಶ್ರಯದ ರಂಗದೊರೆ ಆಸ್ಪತ್ರೆ ಇದೆ. ಮಲ್ಲೇಶ್ವರದಲ್ಲಿ ವಿಶೇಷ ಮಕ್ಕಳ ಅರುಣ ಚೇತನ ಇದೆ. ಇವೆಲ್ಲ ಒಂದು ದಿನದ ಸಂಭ್ರಮದಿಂದ ನಿಂತವಲ್ಲ. ಪ್ರತಿ ತಿಂಗಳ ಬಾಡಿಗೆ, ಸಂಬಳ, ದೀಪದ ಬಿಲ್ಲು ಯಾರೋ ಕಟ್ಟಿದ್ದರಿಂದ ನಿಂತವು.

ಡಿ.ವಿ.ಜಿ.ಯವರನ್ನು ನೆನೆಯದೆ ಬಸವನಗುಡಿಯ ಮಾತು ಮುಗಿಯುವುದಿಲ್ಲ. 1970ರಲ್ಲಿ ನಾಡು ಅವರನ್ನು ಸನ್ಮಾನಿಸಿ ದೊಡ್ಡ ನಿಧಿಯೊಂದನ್ನು ಅರ್ಪಿಸಿತು. ಆ ಕಾಲಕ್ಕೆ ಅದು ಎಂಥ ಮೊತ್ತ, ಅವರಿಗೆ ಹಣದ ಅಡಚಣೆ ಎಷ್ಟಿತ್ತು ಎಂಬುದು ನಿಮಗೆ ಗೊತ್ತು. ಅವರು ಅದನ್ನು ತಾವು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಪುಸ್ತಕ ಭಂಡಾರ, ಉಪನ್ಯಾಸ, ಅಧ್ಯಯನ ವರ್ಷವರ್ಷವೂ ನಡೆಯಬೇಕು ಎಂಬುದು ಅವರ ಲಕ್ಷ್ಯ. ಸಂಸ್ಥೆಯ ದಿನನಿತ್ಯದ ಖರ್ಚಿಗೆ ಕೊಡುವುದು ಕೀಳು ದಾನ ಎಂದು ಅವರಿಗೆ ಅನ್ನಿಸಿರಲಿಲ್ಲ.

ಇನ್ನು ನಾನು ಕೇಳುವುದೇನು ಎಂದರೆ, ಮೂವತ್ತು ಮನೆಗಳು ಸೇರಿ ತಿಂಗಳಿಗೆ ಸಾವಿರ ರೂಪಾಯಿಯಂತೆ ಕೊಟ್ಟರೆ ಮೂವತ್ತು ಸಾವಿರವಾಗುತ್ತದೆ. ಅಷ್ಟರಲ್ಲಿ ತರಬೇತಿ ಪಡೆದ ಒಬ್ಬ ಶಿಕ್ಷಕಿ ಗೌರವದಿಂದ ಉಳಿಯುತ್ತಾರೆ. ಮೂವತ್ತು ಮನೆ ಎಂದರೆ ಮಲ್ಲೇಶ್ವರದ ಒಂದು ಅಪಾರ್ಟ್‌ಮೆಂಟ್, ಗಾಂಧಿಬಜಾರಿನ ಸುತ್ತಿನ ಒಂದು ವಾಕಿಂಗ್ ಗುಂಪು, ಒಂದು ಭಜನಾ ಮಂಡಳಿ, ರಾಮೋತ್ಸವಕ್ಕೆ ಚಂದಾ ಎತ್ತುವ ಒಂದು ಸಮಿತಿ. ‘ಈ ಮಿಸ್ಸಿನ ಸಂಬಳ ನಮ್ಮದು’ ಎಂದು ಒಂದು ಗುಂಪು ಮೂರು ವರ್ಷಕ್ಕೆ ಮಾತು ಕೊಟ್ಟರೆ ಆ ಸಂಸ್ಥೆಯ ಮುಖ್ಯಸ್ಥೆ ಪ್ರತಿ ತಿಂಗಳ ಕೊನೆಯ ವಾರ ಫೋನ್ ಹಿಡಿದು ಕೂರುವುದು ತಪ್ಪುತ್ತದೆ. ತಿಥಿಯ ಊಟ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಅದನ್ನೂ ಕೊಡಿ, ಆದರೆ ಹಬ್ಬದಡುಗೆಯ ಬದಲು ಅಂದು ಅಡುಗೆಯವರು ಎಂದಿನಂತೆ ಮಾಡುವ ಊಟದ ಖರ್ಚನ್ನು ಕೊಡಿ. ಜಾಮೂನು, ಕರಿದದ್ದು, ಕೇಕು ಮೇಲಿಂದ ಮೇಲೆ ಬಂದರೆ ನುಂಗಲು ಕಷ್ಟಪಡುವ ಮಕ್ಕಳಿಗೆ, ಹೊಟ್ಟೆ ಸರಿಯಿಲ್ಲದ ಮಕ್ಕಳಿಗೆ ತೊಂದರೆ. ದಿನಚರಿ ಬದಲಾದರೆ ಆಟಿಸಂ ಇರುವ ಕೆಲವು ಮಕ್ಕಳು ಗಂಟೆಗಟ್ಟಲೆ ಅಳುತ್ತಾರೆ. ಫೋಟೋ ತೆಗೆಯುವುದನ್ನು ದಯವಿಟ್ಟು ಬಿಟ್ಟುಬಿಡಿ. ನಮ್ಮ ಮನೆಯ ಮಗುವಿನ ಜೊಲ್ಲು ಸುರಿಯುವ ಮುಖವನ್ನು ಅಪರಿಚಿತರ ವಾಟ್ಸಾಪಿನಲ್ಲಿ ನೋಡಲು ನಮಗೆ ಮನಸ್ಸು ಬರುವುದಿಲ್ಲ. ಈ ಮಕ್ಕಳಿಗೂ ತಾಯಂದಿರಿದ್ದಾರೆ.

ಯಾರನ್ನು ನಂಬುವುದು ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಮಧ್ಯಾಹ್ನದ ಹೊತ್ತು ಫೋನ್ ಮಾಡಿ, ಕಾಯಿಲೆ ಬಿದ್ದ ಮಗುವಿನ ಕಥೆ ಹೇಳಿ, ಈಗಲೇ ಹಣ ಕಳಿಸಿ ಎಂದು ಅವಸರ ಮಾಡುವವರಿದ್ದಾರೆ. ವಯಸ್ಸಾದವರೇ ಅವರ ಕೈಗೆ ಸಿಗುವುದು. ಅವಸರದ ಫೋನಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ನಡೆದು ಹೋಗಬಹುದಾದಷ್ಟು ದೂರದ ಸಂಸ್ಥೆಯನ್ನು ಆರಿಸಿಕೊಳ್ಳಿ. ವಿಶೇಷ ದಿನದಲ್ಲಿ ಹೋಗಬೇಡಿ, ಒಂದು ಸಾಧಾರಣ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೋಗಿ. ಮಕ್ಕಳು ಏನು ಮಾಡುತ್ತಿದ್ದಾರೆ, ಎಷ್ಟು ಜನ ಶಿಕ್ಷಕರಿದ್ದಾರೆ, ಶೌಚಾಲಯ ಹೇಗಿದೆ ನೋಡಿ. ಶೌಚಾಲಯ ನೋಡಿದರೆ ಅರ್ಧ ತಿಳಿಯುತ್ತದೆ. ಆಮೇಲೆ ಕಳೆದ ವರ್ಷದ ಆಡಿಟ್ ವರದಿ ಕೇಳಿ. ಆದಾಯ ತೆರಿಗೆ ಇಲಾಖೆಯ ನೋಂದಣಿ ಇದೆಯೇ, ದಾನಕ್ಕೆ ತೆರಿಗೆ ವಿನಾಯಿತಿಯ ಪ್ರಮಾಣಪತ್ರ ಕೊಡುತ್ತಾರೆಯೇ, ಶಿಕ್ಷಕರು ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಕೇಳಿ. ಸರಿಯಾಗಿ ನಡೆಯುವ ಸಂಸ್ಥೆಯವರಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ, ಕಾಫಿ ಕೊಟ್ಟು ಫೈಲು ತೆರೆದು ತೋರಿಸುತ್ತಾರೆ.

ತೆರಿಗೆಯ ವಿಷಯ ಬಂದಾಗಲೇ ಹೇಳಿಬಿಡುತ್ತೇನೆ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ದಾನದ ಮೇಲಿನ ವಿನಾಯಿತಿ ಸಿಗುವುದಿಲ್ಲ. ‘ಈ ವರ್ಷದಿಂದ ರಸೀದಿಯಿಂದ ಪ್ರಯೋಜನವಿಲ್ಲವಲ್ಲ ಮೇಡಂ’ ಎಂದು ಕೆಲವರು ಕೊಡುವುದನ್ನು ಕಡಿಮೆ ಮಾಡಿದ್ದಾರೆ. ನಿಮ್ಮ ತೆರಿಗೆ ಹೇಗಿದ್ದರೂ ಹೊಸ ಪದ್ಧತಿಯಲ್ಲಿ ಕಡಿಮೆಯಾಗಿಯೇ ಇರಬೇಕು, ಅದಕ್ಕೇ ಅಲ್ಲವೇ ಅದನ್ನು ಆರಿಸಿಕೊಂಡದ್ದು? ಉಳಿದದ್ದರಲ್ಲಿ ಒಂದು ಪಾಲು ಇಲ್ಲಿಗೆ ಬರಲಿ.

ಸರ್ಕಾರ ಏನು ಮಾಡುತ್ತಿದೆ ಎಂದು ಕೇಳುವವರೂ ಇದ್ದಾರೆ. ಕಾನೂನು ಬಹಳಷ್ಟು ಕೊಟ್ಟಿದೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು, 2016ರ ಕಾಯ್ದೆ ಇಪ್ಪತ್ತೊಂದನ್ನು ಗುರುತಿಸಿದೆ. ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಕೆಲಸದಲ್ಲಿ ಶೇ. 4, ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಾತಿ ಇದೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಅಂಗವಿಕಲರೆಂದು ಲೆಕ್ಕಕ್ಕೆ ಸಿಕ್ಕವರು 13 ಲಕ್ಷಕ್ಕೂ ಹೆಚ್ಚು. ಹಕ್ಕು ಕಾಗದದ ಮೇಲಿದೆ. ಅದನ್ನು ಕಚೇರಿಯಿಂದ ಮನೆಗೆ ತರಲು ಒಬ್ಬರು ಬೇಕು, ಮತ್ತು ಇಲ್ಲಿ ನಿವೃತ್ತರಾದ ನಿಮ್ಮ ಬಳಿ ಹಣಕ್ಕಿಂತ ದೊಡ್ಡದೊಂದಿದೆ.

ನಮ್ಮಲ್ಲಿಗೆ ಬರುವ ತಾಯಂದಿರಲ್ಲಿ ಹೆಚ್ಚಿನವರು ಮನೆಗೆಲಸದವರು, ಗಾರ್ಮೆಂಟ್ಸಿಗೆ ಹೋಗುವವರು, ಹೂ ಕಟ್ಟುವವರು. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬೇಕು, ಆಧಾರ್‌ನಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದ್ದರೆ ಸರಿಮಾಡಿಸಬೇಕು, ಬೆರಳಚ್ಚು ಹಿಡಿಯದ ಮಗುವಿಗೆ ಬೇರೆ ದಾರಿ ಹುಡುಕಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ನಿರಾಮಯ ಎಂಬ ಆರೋಗ್ಯ ವಿಮೆ ಇದೆ, ಒಂದು ಲಕ್ಷ ರೂಪಾಯಿಯವರೆಗೆ. ಅದನ್ನು ನವೀಕರಿಸುವುದು ಮರೆತರೆ ಕೈತಪ್ಪುತ್ತದೆ. ಮಗ 18 ದಾಟಿದ ದಿನದಿಂದ ಕಾನೂನಿನ ಕಣ್ಣಿಗೆ ಅವನು ವಯಸ್ಕ. ಮಾತೂ ಬಾರದ ಮಗನ ಬ್ಯಾಂಕ್ ಖಾತೆ ನಡೆಸಲು ತಾಯಿಗೆ ಕಾನೂನುಬದ್ಧ ಪೋಷಕತ್ವದ ಪತ್ರ ಬೇಕು, ಅದಕ್ಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಒಂದು ದಿನದ ಕೂಲಿ ಬಿಟ್ಟು ಬಂದ ತಾಯಿ ಕೌಂಟರಿನಲ್ಲಿ ‘ಇದು ಇಲ್ಲಿ ಅಲ್ಲಮ್ಮ, ಆ ಕಡೆ ಹೋಗಿ’ ಎಂಬ ಮಾತು ಕೇಳಿ ಸುಮ್ಮನೆ ಹಿಂತಿರುಗುತ್ತಾಳೆ. ಅದೇ ಕೌಂಟರಿಗೆ ನಿವೃತ್ತ ಹೆಡ್‌ಮಾಸ್ಟರೊಬ್ಬರು ಕನ್ನಡಕ ಸರಿಪಡಿಸಿಕೊಂಡು, ಫೈಲು ಹಿಡಿದುಕೊಂಡು ಹೋದರೆ ಅರ್ಜಿ ಮುಂದಕ್ಕೆ ಸರಿಯುತ್ತದೆ. ಹೀಗಾಗಬಾರದಿತ್ತು, ಆದರೆ ಆಗುತ್ತದೆ. ಮೂವತ್ತೈದು ವರ್ಷ ಎಲ್‌ಐಸಿಯಲ್ಲಿ, ಎಜಿ ಆಫೀಸಿನಲ್ಲಿ, ಬ್ಯಾಂಕಿನಲ್ಲಿ ಕಾಗದದ ಜೊತೆ ಬದುಕಿದ ಜನ ನಾವು. ಈ ವಿದ್ಯೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಸುಮ್ಮನೆ ಕೂರಬಾರದು. ವಾರಕ್ಕೆ ಒಂದು ಬೆಳಿಗ್ಗೆ ಸಾಕು, ಆದರೆ ಪ್ರತಿ ವಾರ, ಅದೇ ದಿನ, ಅದೇ ಬೆಳಿಗ್ಗೆ, ತಪ್ಪದೆ.

ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವವರು ಬೇಕು. ಗಂಟೆಗೆ 20 ನಿಮಿಷದಂತೆ ಹೆಚ್ಚಿನ ಸಮಯ ಅವರ ಹಕ್ಕು. ಬರೆಯುವ ಕೈ ಸಿಗದಿದ್ದರೆ ಆ ಸಮಯದಿಂದ ಏನು ಫಲ? ಬರೆಯುವವರು ಪರೀಕ್ಷೆ ಕೊಡುವವರಿಗಿಂತ ಕೆಳಗಿನ ತರಗತಿಯವರಾಗಿರಬೇಕು ಎಂಬ ನಿಯಮ ಅನೇಕ ಪರೀಕ್ಷೆಗಳಿಗಿದೆ. ಹಾಗಾಗಿ ಇದು ನಿಮ್ಮ ಪಿಯುಸಿ ಓದುವ ಮೊಮ್ಮಗಳ ಕೆಲಸ. ಪಾಠ ಓದಿ ರೆಕಾರ್ಡ್ ಮಾಡುವುದು ನಿಮ್ಮದು. ಕನ್ನಡ ಮಾಧ್ಯಮದ ಪಠ್ಯಗಳನ್ನು ಸ್ಪಷ್ಟವಾಗಿ, ಅಲ್ಪಪ್ರಾಣ ಮಹಾಪ್ರಾಣ ತಪ್ಪದೆ ಓದುವವರು ಈಗ ವಿರಳ, ನಿಮ್ಮ ಪೀಳಿಗೆಯಲ್ಲೇ ಇರುವುದು. ತಪ್ಪದೆ ಜೊತೆಗಿರುವುದಕ್ಕೆ ಮಾದರಿಯೂ ನಮ್ಮಲ್ಲೇ ಇದೆ: ಎಚ್. ನರಸಿಂಹಯ್ಯನವರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಹುಡುಗರ ನಡುವೆ ಬಾಳಿದ್ದನ್ನು ನಿಮ್ಮಲ್ಲಿ ಎಷ್ಟೋ ಜನ ಕಣ್ಣಾರೆ ಕಂಡವರು. ಹುಡುಗರಿಗೆ ಅವರು ಪ್ರತಿ ದಿನ ಸಿಗುತ್ತಿದ್ದರು.

ಮಕ್ಕಳಿಗೆ, ಅಳಿಯಂದಿರಿಗೆ, ಸೊಸೆಯಂದಿರಿಗೆ ಒಂದು ಬೇರೆ ಮಾತು. ತೀವ್ರ ಥಲಸೀಮಿಯಾ ಇರುವ ಮಗುವಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ಬದುಕಿರುವವರೆಗೂ. ಕೊಟ್ಟ ರಕ್ತದ ಕೆಂಪು ಕಣಗಳು ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್ 5 ದಿನ ಉಳಿಯುತ್ತವೆ. ಸ್ವಾತಂತ್ರ್ಯೋತ್ಸವದ ಶಿಬಿರದಲ್ಲಿ ನೂರಾರು ಜನ ಸಾಲು ನಿಂತು ಕೊಟ್ಟ ರಕ್ತ ಏಪ್ರಿಲ್ ಮೇ ತಿಂಗಳಿಗೆ ಬರುವುದಿಲ್ಲ; ಕಾಲೇಜುಗಳಿಗೆ ರಜೆ ಇರುವ ಆ ತಿಂಗಳುಗಳಲ್ಲೇ ಕೊರತೆ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಚಾಮರಾಜಪೇಟೆಯ ರಾಷ್ಟ್ರೋತ್ಥಾನ ರಕ್ತನಿಧಿ ಆಗಲಿ, ನಿಮ್ಮ ಹತ್ತಿರದ ಆಸ್ಪತ್ರೆಯ ರಕ್ತನಿಧಿ ಆಗಲಿ, ಬೇಸಿಗೆಯಲ್ಲಿ ಹೋಗಿ.

ಕೊನೆಯದಾಗಿ ಮನೆಗಳ ಮಾತು. ಇದನ್ನು ಕೇಳಲು ಸಂಕೋಚವಾಗುತ್ತದೆ, ಆದರೆ ಇದರಷ್ಟು ಮುಖ್ಯವಾದದ್ದು ಇನ್ನೊಂದಿಲ್ಲ. ಈ ಸಂಸ್ಥೆಗಳು ಬಾಡಿಗೆ ಮನೆಗಳಲ್ಲಿವೆ. ಹಳೆಯ ಮನೆ ಬಿಲ್ಡರಿಗೆ ಹೋದರೆ ಶಾಲೆ ಖಾಲಿ ಮಾಡಬೇಕು. ಅದೇ ಬಾಡಿಗೆಗೆ ಜಾಗ ಸಿಗುವುದು ವರ್ತುಲ ರಸ್ತೆಯ ಆಚೆ. ಅಲ್ಲಿಗೆ ವ್ಯಾನು ಬೇಕು, ವ್ಯಾನಿಗೆ ಡೀಸೆಲ್ ಬೇಕು, ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಕೂರಲು ಬೆನ್ನು ನಿಲ್ಲದ ಮಗುವಿಗೆ ಆಗದು. ಒಂದೆರಡು ತಿಂಗಳು ಕಳೆದರೆ ಮಕ್ಕಳು ಬರುವುದೇ ನಿಲ್ಲುತ್ತದೆ, ಮನೆಯ ಮೂಲೆ ಸೇರುತ್ತಾರೆ. ಇತ್ತ ಮಲ್ಲೇಶ್ವರದಲ್ಲಿ, ಬಸವನಗುಡಿಯಲ್ಲಿ ಎಷ್ಟು ಮನೆಗಳು ಬೀಗ ಹಾಕಿ ನಿಂತಿವೆ! ಮಕ್ಕಳು ಅಮೆರಿಕದಲ್ಲಿ, ಮೇಲಿನ ಮಹಡಿಯಲ್ಲಿ ಒಬ್ಬರೇ ಅಜ್ಜಿ, ಕೆಳಗೆ ಹಳೆಯ ಪೆಟ್ಟಿಗೆಗಳು. ಬಾಡಿಗೆಗೆ ಕೊಟ್ಟರೆ ಬಿಡಿಸುವುದು ಕಷ್ಟ ಎಂಬ ಅಂಜಿಕೆ ನನಗೆ ಅರ್ಥವಾಗುತ್ತದೆ. ವಕೀಲರಿಂದ ಕರಾರು ಬರೆಸಿ, ಹನ್ನೊಂದು ತಿಂಗಳ ಬದಲು ಐದು ವರ್ಷಕ್ಕೆ ನೋಂದಣಿ ಮಾಡಿಸಿ, ನ್ಯಾಯವಾದ ಬಾಡಿಗೆ ತೆಗೆದುಕೊಂಡು ನೆಲಮಹಡಿಯನ್ನು ಕೊಡಿ. ಮೆಟ್ಟಿಲ ಪಕ್ಕ ಒಂದು ಇಳಿಜಾರು ಹಾಕಿಸಲು ಒಪ್ಪಿಗೆ ಕೊಡಿ. ಮಕ್ಕಳ ಗದ್ದಲಕ್ಕೆ ಅಕ್ಕಪಕ್ಕದವರು ತಕರಾರು ಮಾಡಿದಾಗ ಓನರ್ ಆಗಿ ಶಾಲೆಯ ಪರ ನಿಲ್ಲಿ. ಕೂಗು, ಕಿರುಚಾಟ ಇದ್ದೇ ಇರುತ್ತದೆ. ಮಾತು ಬಾರದ ಮಕ್ಕಳಿಗೆ ಅದೇ ಮಾತು.

ಸಂಜೆ ಮಗನನ್ನು ಕರೆದೊಯ್ಯಲು ಬರುವ ತಂದೆಯೊಬ್ಬರಿದ್ದಾರೆ. ಅವರಿಗೆ ಎಪ್ಪತ್ತು ದಾಟಿದೆ, ಮಗನಿಗೆ ಮೂವತ್ತು ದಾಟಿದೆ. ಕಾಯ್ದೆಯ ಉಚಿತ ಶಿಕ್ಷಣ 18ಕ್ಕೆ ಮುಗಿದರೂ ಅವನನ್ನು ಕಳಿಸಿಬಿಡಲು ನಮ್ಮವರಿಗೆ ಮನಸ್ಸಾಗಿಲ್ಲ. ಮೇಣದ ಬತ್ತಿ ಮಾಡುವ ಮೇಜಿನಲ್ಲಿ ಅವನಿಗೊಂದು ಜಾಗವಿದೆ. ಮಗನ ಶೂ ಲೇಸು ಕಟ್ಟಲು ಬಗ್ಗಿದವರು ಏಳಲು ಗೋಡೆ ಹಿಡಿಯುತ್ತಾರೆ. ‘ನಾನು ಹೋದ ಮೇಲೆ ಇವನನ್ನ ಯಾರು ನೋಡ್ಕೋತಾರೆ ಮೇಡಂ?’ ಎಂದು ಅವರು ಕೇಳುವುದು ಒಂದೇ ಪ್ರಶ್ನೆ. ಇಂಥ ತಂದೆ ತಾಯಿ ನಿಮ್ಮ ಬೀದಿಯಲ್ಲೂ ಇದ್ದಾರೆ. ಹೊರಗೆ ಹೇಳಿಕೊಳ್ಳುವುದಿಲ್ಲ, ಮದುವೆ ಮುಂಜಿಗಳಿಗೆ ಬರುವುದನ್ನೂ ಬಿಟ್ಟಿರುತ್ತಾರೆ. ವಯಸ್ಕರಾದ ಇಂಥ ಮಕ್ಕಳು ನಾಲ್ಕೈದು ಜನ ನೋಡಿಕೊಳ್ಳುವವರೊಬ್ಬರ ಜೊತೆ ತಮ್ಮದೇ ಬಡಾವಣೆಯಲ್ಲಿ, ತಮಗೆ ಗುರುತಿರುವ ಅಂಗಡಿ, ದೇವಸ್ಥಾನದ ಹತ್ತಿರ ಇರುವಂಥ ಸಣ್ಣ ಮನೆಗಳು ಬೇಕು. ದೊಡ್ಡ ಕಂಪನಿಗಳ ಸಾಮಾಜಿಕ ಹೊಣೆಯ (ಸಿಎಸ್‌ಆರ್) ಹಣ ಕಟ್ಟಡಕ್ಕೆ, ಕಂಪ್ಯೂಟರಿಗೆ, ವ್ಯಾನಿಗೆ ಸಿಗುತ್ತದೆ. ಮೂವತ್ತು ವರ್ಷ ಜೊತೆಗಿರುತ್ತೇವೆ ಎಂದು ಯಾವ ಕಂಪನಿಯೂ ಬರೆದುಕೊಡುವುದಿಲ್ಲ. ಬೀದಿ ಬರೆದುಕೊಡಬಹುದು.

ಈ ತಿಂಗಳು ನಿಮ್ಮ ಗುಂಪಿನಲ್ಲಿ, ಸಮಿತಿಯಲ್ಲಿ, ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಇದನ್ನು ಒಮ್ಮೆ ಮಾತಾಡಿ. ಹತ್ತಿರದ ಒಂದು ಸಂಸ್ಥೆಗೆ ಇಬ್ಬರು ಹೋಗಿ ನೋಡಿ ಬನ್ನಿ. ಯಾರ ಸಂಬಳಕ್ಕೆ ಹಣ ಸಾಲದು ಎಂದು ಅವರನ್ನೇ ಕೇಳಿ, ಊಹಿಸಿಕೊಂಡು ಹೋಗಬೇಡಿ. ಒಪ್ಪಿಗೆಯಾದರೆ ಬ್ಯಾಂಕಿಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಬರೆದುಕೊಟ್ಟುಬಿಡಿ, ಪ್ರತಿ ತಿಂಗಳು ನೆನಪಿಸಿಕೊಳ್ಳುವ ಕಷ್ಟ ಇರುವುದಿಲ್ಲ. ಹಣ ಮೂರನೇ ತಾರೀಖಿನೊಳಗೆ ಖಾತೆಗೆ ಬರುವಂತೆ ಮಾಡಿ. ಐದನೇ ತಾರೀಖು ನಮ್ಮಲ್ಲಿ ಸಂಬಳದ ದಿನ.

ಇಂತಿ,
ನಿಮ್ಮ ನೆರೆಯವಳು, ಚಾಮರಾಜಪೇಟೆ